ಬಿಳಿ ಕರ್ಚೀಫಿನ ಸಾಕ್ಷಿ

ಕೋಲ್ಕತ್ತದ ಬಾಲಿಗಂಜಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಅಕ್ಕನ ಬಲಭುಜ ಎಡಭುಜಕ್ಕಿಂತ ಒಂದು ಬೆರಳಿನಷ್ಟು ಕೆಳಗಿತ್ತು. ಪ್ರಾಯದಲ್ಲಿ ಅವರು ಡ್ರಮ್ಮಿನಂಥ ಕೆಂಪು ವ್ಯಾಕ್ಯೂಮ್ ಕ್ಲೀನರ್ ಹೊತ್ತು, ಲಿಫ್ಟಿಲ್ಲದ ಮಹಡಿಗಳನ್ನು ಹತ್ತಿ, ಮನೆಮನೆಗೆ ಮಾರಿದವರು. ಉಡುಪಿ ಕಡೆಯವರು, ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಇಲ್ಲಿಗೆ ಬಂದಿದ್ದರು. ನಾನೂ ಬ್ಯಾಂಕಿನ ಕೆಲಸಕ್ಕೆಂದು ಬಂದಿಳಿದ ದಿನವೇ ಬಾಗಿಲು ತಟ್ಟಿ, "ಗಂಜಿ ಉಂಟು, ಚಟ್ನಿ ಉಂಟು, ಬಾ" ಎಂದು ಕರೆದೊಯ್ದಿದ್ದರು.

ಅವರ ಮಾರಾಟದ ಪಟ್ಟು ಒಂದೇ. ಮನೆಯವರು ಚೊಕ್ಕಟ ಅಂದುಕೊಂಡ ಜಮಖಾನದ ಮೇಲೆ, ಕೊಳವೆಯ ಬಾಯಿಗೆ ಬಿಳಿ ಕರ್ಚೀಫು ಕಟ್ಟಿ ಯಂತ್ರ ಓಡಿಸುವುದು. ಆಮೇಲೆ ಕರ್ಚೀಫು ಬಿಚ್ಚಿ ಹಿಡಿಯುವುದು. "ಬಟ್ಟೆಯೇ ಹೇಳ್ತದಲ್ಲ, ನಾನು ಯಾಕೆ ಬಾಯಿ ನೋಯಿಸ್ಲಿ?"

ಏಳು ತಿಂಗಳ ಬಸುರಿಯಾಗಿದ್ದಾಗ ಕಂಪನಿಯ ಮ್ಯಾನೇಜರು ಎಲ್ಲರೆದುರು ಹೇಳಿದನಂತೆ: "ಈ ಹೊಟ್ಟೆ ನೋಡಿದರೆ ಜನ ಕನಿಕರಪಡುತ್ತಾರೆ, ಕೊಳ್ಳುವುದಿಲ್ಲ." ಅಂದಿಗೆ ಕೆಲಸ ಹೋಯಿತು. ಮನೆಗೆಂದು ಕೊಂಡಿದ್ದ ಯಂತ್ರವೊಂದು ಉಳಿಯಿತು. ಅದನ್ನು ಪ್ರತಿ ಭಾನುವಾರ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಜೋಡಿಸುತ್ತಿದ್ದರು. ಮಗ ದೊಡ್ಡವನಾದ, ಗಂಡ ತೀರಿಕೊಂಡರು. ಮ್ಯಾನೇಜರ ಆ ಮಾತು ಮಾತ್ರ ಅವರ ಬಾಯಲ್ಲಿ ಒಂದಕ್ಷರ ಬದಲಾಗಲಿಲ್ಲ.

ಎರಡು ವರ್ಷದ ಹಿಂದೆ ಆ ಕಂಪನಿ ಹಳೆಯ ವಿನ್ಯಾಸಗಳನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಅದೇ ಕೆಂಪು ಡ್ರಮ್ಮು, ಅದೇ ಹೊಳೆಯುವ ಚಿಲಕ. ಸಾಲ್ಟ್ ಲೇಕಿನ ಹೋಟೆಲೊಂದರಲ್ಲಿ ಸಮಾರಂಭ. ಹಳೆಯ ಮಾರಾಟಗಾರರಿಗೆಲ್ಲ ಆಹ್ವಾನ. ಅಂದಿನ ಆ ಮ್ಯಾನೇಜರು ಈಗ ನಿರ್ದೇಶಕ. ಅಕ್ಕ ರೇಷ್ಮೆ ಸೀರೆ ಉಟ್ಟರು. ಅವರ ಯಂತ್ರವನ್ನು ಟ್ಯಾಕ್ಸಿಗೆ ಹೊತ್ತು ಹಾಕಿದವಳು ನಾನು.

ವೇದಿಕೆಯ ಜಮಖಾನದ ಮೇಲೆ ನಿರ್ದೇಶಕ ಹೊಸ ಯಂತ್ರ ಓಡಿಸಿ, "ಹಳೆಯದರಷ್ಟೇ ಗಟ್ಟಿ" ಎಂದ. ಚಪ್ಪಾಳೆ. ಅಕ್ಕ ಎದ್ದು ನಿಂತು ಹಿಂದಿಯಲ್ಲಿ ಕೇಳಿದರು: "ಅದೇ ಜಾಗದಲ್ಲಿ ಹಳೆಯದನ್ನೂ ಒಮ್ಮೆ ಓಡಿಸಲೇ ಸಾರ್?" ಪತ್ರಕರ್ತರ ಎದುರು ಅವನಿಗೆ ಬೇಡವೆನ್ನಲಾಗಲಿಲ್ಲ, ಗುರುತೂ ಹತ್ತಿರಲಿಲ್ಲ.

ಯಂತ್ರ ಗುಡುಗಿತು. ಅಕ್ಕ ಕರ್ಚೀಫು ಬಿಚ್ಚಿ ಸಭೆಗೆ ಹಿಡಿದರು. ಕಾವಲಿಯ ತಳದಂತೆ ಕಪ್ಪಾಗಿತ್ತು. ನಗು ಎದ್ದಿತು. ಅದು ಅಡಗುವವರೆಗೆ ಕಾದು, ಮೈಕು ಹತ್ತಿರ ಎಳೆದುಕೊಂಡು, ಅವನತ್ತ ಕೈ ತೋರಿಸಿ, ಅವನು ಅಂದು ಆಡಿದ ಮಾತನ್ನು ಹಾಗೆಯೇ ಒಪ್ಪಿಸಿದರು. ಈ ಸಲ ಯಾರೂ ನಗಲಿಲ್ಲ. ಅವನು ನೀರಿನ ಲೋಟಕ್ಕೆ ಕೈ ಚಾಚಿದ. ಮುಂದಿನ ಊರುಗಳ ಸಮಾರಂಭಕ್ಕೆ ಅವನನ್ನು ಕಂಪನಿ ಕಳಿಸಲಿಲ್ಲವೆಂದು ಆಮೇಲೆ ತಿಳಿಯಿತು. ಅಕ್ಕ ದಾರಿಯಲ್ಲಿ ಟ್ಯಾಕ್ಸಿ ನಿಲ್ಲಿಸಿ ಸಂದೇಶ್ ಮಿಠಾಯಿ ಕೊಂಡು ಇಡೀ ಕಟ್ಟಡಕ್ಕೆ ಹಂಚಿದರು.

ಕಳೆದ ಚಳಿಗಾಲದಲ್ಲಿ ಅವರು ಆಸ್ಪತ್ರೆಯಲ್ಲಿದ್ದಾಗ ಕೇಳಿದೆ: "ಅವನನ್ನು ಕ್ಷಮಿಸಿದಿರಾ ಅಕ್ಕ?"

"ಅವ ಕೇಳ್ಲೇ ಇಲ್ಲ ಮಾರಾಯ್ತಿ. ಕೇಳದವನಿಗೆ ಕರೆದು ಕೊಡ್ಲಿಕ್ಕೆ ಅದೇನು ಪ್ರಸಾದವಾ?"

ನಾಲ್ಕು ದಿನಕ್ಕೆ ಅಕ್ಕ ತೀರಿಕೊಂಡರು. ಹೆರಿಗೆ ರಜೆ ಮುಗಿಸಿ ಬ್ಯಾಂಕಿಗೆ ಮರಳಿದ ನನ್ನನ್ನು ಮೂಲೆಯ ಮೇಜಿಗೆ ತಳ್ಳಿ, "ಮಗು ಆಡಿಸಿಕೊಂಡಿರು" ಎಂದಿದ್ದ ಮೇಲಧಿಕಾರಿಯೊಬ್ಬನಿದ್ದ. ವರ್ಷವಿಡೀ ನುಂಗಿಕೊಂಡಿದ್ದೆ. ಅಕ್ಕನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಕೂತು ದೂರು ಬರೆದೆ. ವಿಚಾರಣೆ ನಡೆಯುತ್ತಿದೆ. ಅವನು ಈಗ ದಿನಕ್ಕೆರಡು ಸಲ ನನ್ನ ಮೇಜಿನ ಬಳಿ ಬಂದು ಕ್ಷಮೆ ಕೇಳುತ್ತಿದ್ದಾನೆ.

ನಾನಿನ್ನೂ ಕೊಟ್ಟಿಲ್ಲ.