ಇಪ್ಪತ್ತು ನಿಮಿಷ ತಡವಾದ ಸುದ್ದಿ

ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿರುವ ಲಿಫ್ಟ್ ಮೆಕ್ಯಾನಿಕ್ ಚಂದ್ರಾಮಪ್ಪನಿಗೆ ಸ್ವಂತ ಸೆಟ್ಟಿನಲ್ಲಿ ದೂರದೇಶದ ಹವ್ಯಾಸಿಗಳ ಜೊತೆ ಮಾತಾಡುವ ಹ್ಯಾಮ್ ರೇಡಿಯೊ ಕಲಿಸಿದವರು ವಿಮಾನಪುರದ ಮುನಿಆಂಜನಪ್ಪ. ದೂರದ ಕೇಂದ್ರ ಕೇಳಿಸಿದ ಕೂಡಲೇ ಅದರ ಹೆಸರು, ತರಂಗಾಂತರವನ್ನು ಇಂಟರ್‌ನೆಟ್‌ನಲ್ಲಿ ಈ ಹವ್ಯಾಸಿಗಳೆಲ್ಲ ನೋಡುವ ಪಟ್ಟಿಗೆ ಹಾಕಬೇಕು, ಎಲ್ಲರಿಗೂ ಸಿಗಲಿ ಎಂಬುದು ಅವರ ಮೊದಲ ಪಾಠ.

ಒಂದು ಭಾನುವಾರ ಸಂಜೆ ಶಾಂತಸಾಗರದ ಪುಟ್ಟ ದ್ವೀಪವೊಂದರ ದನಿ ಚಂದ್ರಾಮಪ್ಪನಿಗೆ ಕೇಳಿಸಿತು. ಮುನಿಆಂಜನಪ್ಪ ಹನ್ನೊಂದು ವರ್ಷದಿಂದ ರೇಡಿಯೊದಲ್ಲಿ ಹುಡುಕುತ್ತಿದ್ದ ದ್ವೀಪ ಅದು. ಪಟ್ಟಿಗೆ ಹಾಕಿದರೆ ಜಗತ್ತೆಲ್ಲ ಮುಗಿಬೀಳುತ್ತದೆ, ತನ್ನ ಸಣ್ಣ ಸೆಟ್ಟಿನ ದನಿ ಮುಳುಗಿಹೋಗುತ್ತದೆ ಎಂದು ಅವನು ಸುದ್ದಿ ಹಾಕದೆ ತಾನೊಬ್ಬನೇ ಆ ಕೇಂದ್ರವನ್ನು ಕೂಗತೊಡಗಿದ. ಇಪ್ಪತ್ತು ನಿಮಿಷ ಕೂಗಿದ ಮೇಲೆ ದ್ವೀಪದವರು ಉತ್ತರ ಕೊಟ್ಟರು. ಆಮೇಲಷ್ಟೇ ಸುದ್ದಿ ಹಾಕಿದ. ಅಷ್ಟರಲ್ಲಿ ದನಿ ಕ್ಷೀಣಿಸತೊಡಗಿತ್ತು.

ಮರುದಿನ ವಿಮಾನಪುರಕ್ಕೆ ಹೋದಾಗ ಮುನಿಆಂಜನಪ್ಪನವರೇ ಟೀ ತಂದಿಟ್ಟರು.

“ನೀನ್ ಹಾಕಿದ್ದು ನೋಡಿ ಓಡೋಡಿ ಬಂದು ಕೂತೆ ಕಣಯ್ಯಾ. ಒಂದ್ಸಲ ಕೇಳಿಸ್ತು, ಆಮೇಲೆ ಮಾಯ. ಹೋಗ್ಲಿ, ನೀನಾದ್ರೂ ನೆನಪಿಟ್ಕೊಂಡು ತಿಳಿಸ್ದಲ್ಲ, ಅಷ್ಟೇ ಸಾಕು.”

ಆ ಮಾತಿಗೆ ಚಂದ್ರಾಮಪ್ಪ ಟೀ ಲೋಟವನ್ನು ಅತ್ತ ಸರಿಸಿದ. ತಲೆ ತಗ್ಗಿಸಿಯೇ ಹೇಳಿದ: “ಸರ, ನಂಗ ಇಪ್ಪತ್ತ್ ನಿಮಿಷ ಮೊದಲೇ ಕೇಳಿಸಿತ್ರಿ. ನಂದ್ ಮುಗೀಲಿ ಅಂತ ಹಾಕಿರ್ಲಿಲ್ರಿ.”

ಮುನಿಆಂಜನಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು.

“ಟೀ ಆರೋಗ್ತದೆ, ಕುಡಿ,” ಎಂದರು. ಬೈದಿದ್ದರೆ ಚಂದ್ರಾಮಪ್ಪನಿಗೆ ಹಗುರಾಗುತ್ತಿತ್ತೇನೋ.

ಮೂರು ತಿಂಗಳ ನಂತರ, ಮಾತಾಡಿದ್ದಕ್ಕೆ ಗುರುತಾಗಿ ದ್ವೀಪದವರು ಕಳಿಸಿದ ಬಣ್ಣದ ಕಾರ್ಡು ಅಂಚೆಯಲ್ಲಿ ಬಂತು. ಚಂದ್ರಾಮಪ್ಪನಿಗೆ ಅದನ್ನು ಗೋಡೆಗೆ ಅಂಟಿಸಲು ಕೈ ಬರಲಿಲ್ಲ. ಟ್ರಂಕಿನ ತಳದಲ್ಲಿ, ಬಟ್ಟೆಯ ಕೆಳಗೆ ಇಟ್ಟ.