ಯಲ್ಲವ್ವನ ಮೂರು ತೆನೆ

ಯಲ್ಲವ್ವ ಸೂಜಿ ಹಿಡಿದು ತಳಿ ಕೂಡಿಸಿದ ಮೂರು ಜೋಳದ ತೆನೆಗಳನ್ನು ನಾವು ಸುಟ್ಟು ತಿಂದೆವು — ನಾನು, ನನ್ನ ಸೋದರಮಾವ, ಹೆಣ್ಣು ಕೊಡಲು ಬಂದಿದ್ದ ನರಗುಂದದ ಹಿರಿಯರು. ತಿಂದದ್ದನ್ನು ಮುಚ್ಚಲು ಬೇರೆ ಮೂರು ತೆನೆಗಳಿಗೆ ನಾನು ಅವಳ ತೆನೆಗಳ ಗುರುತಿನ ಚೀಟಿ ಕಟ್ಟಿದೆ. ಮರುವರ್ಷ ಆ ತಪ್ಪು ಅವಳ ತಲೆಗೆ ಬಂದಾಗ ಬಾಯಿ ಬಿಡಲಿಲ್ಲ. ಬಿಡಲಿಲ್ಲ ಎಂದರೂ ಪೂರ್ತಿ ನಿಜವಲ್ಲ — ಬಿಟ್ಟೆ, ಅವಳ ವಿರುದ್ಧವೇ ಬಿಟ್ಟೆ. ಅದನ್ನೂ ಬರೆಯುತ್ತೇನೆ.

ಈ ಮಾತನ್ನು ಹೇಳಬೇಕಾದವರಿಗೆ ಈಗಾಗಲೇ ಹೇಳಿಯಾಗಿದೆ. ಆದ್ದರಿಂದ ಮನಸ್ಸು ಹಗುರವಾಗಿದೆ, ರಾತ್ರಿ ನಿದ್ದೆ ಬರುತ್ತದೆ. ಮತ್ತೆ ಬರೆಯುವುದೇಕೆ ಎಂದು ನೀವು ಕೇಳಬಹುದು. ಮಾತಾದರೆ ನಾಲಿಗೆ ನಾಳೆ ಬದಲಾಯಿಸೀತು — ನನ್ನ ನಾಲಿಗೆಯ ಗುಣ ನನಗೆ ಗೊತ್ತು. ಕಾಗದದ ಮೇಲೆ ಇರಲಿ.

ನಮ್ಮ ಸೀಮೆ ಇನ್ನೂ ಮುಂಬಯಿ ಸರಕಾರದ ಕೆಳಗಿದ್ದ ಕಾಲ. ಬೆಳವಣಕಿಯ ಹೊರಗೆ ಎರಡೆಕರೆ ಎರೆ ಹೊಲದಲ್ಲಿ ಜೋಳದ ಪ್ರಯೋಗ ನಡೆಯುತ್ತಿತ್ತು. ಚಿಕ್ಕನರಗುಂದದ ಒಕ್ಕಲು ಮನೆಯವನಾದ ನಾನು ಅಲ್ಲಿ ಫೀಲ್ಡಮನ್. ನೋಡಿಕೊಳ್ಳುವವರು ಧಾರವಾಡದಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಸಾಹೇಬರು. ಬೀಜ, ಬೆಳೆ, ವಂಶಗುಣ ಎಂದರೆ ಊಟ ಮರೆಯುವ ಮನುಷ್ಯ. ಅವರ ಆಸೆ ಒಂದೇ. ನಮ್ಮ ಬಿಳಿಜೋಳದ ರೊಟ್ಟಿಗೆ ಸಾಟಿ ಇಲ್ಲ, ಆದರೆ ಅದಕ್ಕೆ ಕಾಡಿಗೆ ರೋಗ ಬಡಿದು ತೆನೆ ಕರಿ ಬೂದಿಯಾಗುತ್ತದೆ. ಎಲ್ಲಿಂದಲೋ ತಂದ ಒಂದು ಕೆಂಪುಜೋಳಕ್ಕೆ ಆ ರೋಗ ಹತ್ತುವುದಿಲ್ಲ, ಆದರೆ ಅದರ ರೊಟ್ಟಿಯನ್ನು ದನವೂ ಮೂಸುವುದಿಲ್ಲ. ಎರಡನ್ನೂ ಕೂಡಿಸಿ, ಹುಟ್ಟಿದ್ದರಲ್ಲಿ ಆರಿಸುತ್ತ ಹೋದರೆ ಒಂದು ದಿನ ರೋಗವಿಲ್ಲದ ಬಿಳಿಜೋಳ ಕೈಗೆ ಸಿಕ್ಕೀತು.

ಕೂಡಿಸುವುದು ಹೇಳಿದಷ್ಟು ಸುಲಭವಲ್ಲ. ಜೋಳದ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದೇ ಕಡೆ. ಹೂ ಬಿಚ್ಚುವ ಮೊದಲೇ ಸೂಜಿಯ ತುದಿಯಿಂದ ಒಳಗಿನ ಮೂರು ಎಳೆ ಕೇಸರಗಳನ್ನು ತೆಗೆಯಬೇಕು. ಒಂದು ಉಳಿದರೂ ಅದು ತನ್ನನ್ನು ತಾನೇ ಫಲಿಸಿಕೊಳ್ಳುತ್ತದೆ. ಒಂದು ತೆನೆಯಲ್ಲಿ ನಲವತ್ತೈವತ್ತು ಹೂ ಉಳಿಸಿ, ಮಿಕ್ಕದ್ದನ್ನು ಕತ್ತರಿಸಿ, ಕಾಗದದ ಚೀಲ ಹಾಕಿ, ಮರುದಿನ ಕೆಂಪುಜೋಳದ ಪರಾಗ ಉದುರಿಸಿ, ಗುರುತಿಗೆ ಚೀಟಿ ಕಟ್ಟಬೇಕು. ನನ್ನ ದಪ್ಪ ಬೆರಳಿಗೆ ಅದು ಆಗಲಿಲ್ಲ. ಸಾಹೇಬರ ಬೆರಳಿಗೂ ಆಗಲಿಲ್ಲ. ಆದದ್ದು ಯಲ್ಲವ್ವನಿಗೆ.

ಕಳೆ ತೆಗೆಯಲು ಬಂದಿದ್ದ ಹೆಂಗಸು ಅವಳು. ಗಂಡನಿಲ್ಲ, ಒಬ್ಬಳೇ ಮಗಳು. ಕೌದಿ ಹೊಲಿದು ಸೂಜಿ ಪಳಗಿತ್ತು. ಮುಗ್ಗರಿಸಿದ ಎತ್ತಿನಂತೆ ನಾನು ತೆನೆಯ ಮುಂದೆ ಕೂತದ್ದನ್ನು ನೋಡಿ, ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, "ತರ್ರಿ ಇಲ್ಲೆ" ಎಂದು ಸೂಜಿ ಇಸಿದುಕೊಂಡಿದ್ದಳು. ಮೊದಲೇ ಊರಲ್ಲಿ ಅವಳ ಕೈಗುಣಕ್ಕೆ ಹೆಸರಿತ್ತು. ಬಿತ್ತುವ ದಿನ ಕೂರಿಗೆಯ ಬಟ್ಟಲಿಗೆ ಮೊದಲ ಕಾಳು ಬಿಡಲು ನಾಲ್ಕಾರು ಮನೆಯವರು ಅವಳನ್ನೇ ಕರೆಯುತ್ತಿದ್ದರು. ಸರಕಾರದ ಕೆಲಸವೂ ಕೂಡಿ ಆ ಹೆಸರು ಇನ್ನಷ್ಟು ಬೆಳೆಯಿತು. ಆ ವರ್ಷ ಮೂರು ತೆನೆ ಕೂಡಿಸಿದಳು. ಪಕ್ಕದಲ್ಲಿ ದಂಟು ಹಿಡಿದು ಕೂತವನು ನಾನು. ಒಂದೊಂದು ಹೂವನ್ನೂ ಬೆಳಕಿಗೆ ಹಿಡಿದು, ಎರಡೆರಡು ಸಲ ನೋಡಿ, ಆಮೇಲೆ ಮುಂದಕ್ಕೆ ಹೋಗುತ್ತಿದ್ದಳು.

ಇನ್ನು ಸೀತನಿಯ ವಿಷಯ. ಜೋಳದ ಕಾಳು ಇನ್ನೂ ಹಾಲುಗಾಳು ಇರುವಾಗ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿಬಿಸಿ ಕಾಳನ್ನು ಬೆಲ್ಲ, ಶೇಂಗಾ ಚಟ್ನಿಯ ಜೊತೆ ತಿನ್ನುವುದು — ಆ ದಿನಗಳಲ್ಲಿ ಬಂದ ನೆಂಟರನ್ನು ಸೀತನಿ ತಿನ್ನಿಸದೆ ಕಳಿಸಿದರೆ ನಮ್ಮ ಕಡೆ ಅದು ಅವಮಾನ. ನನ್ನನ್ನು ನೋಡಲು ಬಂದ ನರಗುಂದದವರನ್ನು ಸೋದರಮಾವ ನೇರವಾಗಿ ಪ್ರಯೋಗದ ಹೊಲಕ್ಕೇ ಕರೆತಂದ. ಹುಡುಗನ ಸರಕಾರಿ ನೌಕರಿಯನ್ನು ಕಣ್ಣಿಗೆ ತೋರಿಸಬೇಕೆಂಬ ಹಮ್ಮು ಅವನಿಗೆ. ಹೊರಗಿನವರು ಒಳಗೆ ಕಾಲಿಡಕೂಡದೆಂದು ಸಾಹೇಬರ ಕಟ್ಟಪ್ಪಣೆ ಇತ್ತು. ಅಂಚಿನ ನಾಲ್ಕು ಸಾಲು ಮಾಮೂಲಿ ಜೋಳ, ಅದರಲ್ಲಿ ಮುರಿದರೆ ಯಾರಿಗೆ ನಷ್ಟ ಎಂದುಕೊಂಡೆ. ನಾನು ಕುಳ್ಳಿಗೆ ಬೆಂಕಿ ಹಚ್ಚುತ್ತ ಕೂತೆ, ಮಾವ ತೆನೆ ಮುರಿಯಲು ಹೋದ.

ತಿಂದೆವು, ನಕ್ಕೆವು. ಹುಡುಗಿಯ ತಂದೆ ಒಪ್ಪಿಗೆಯ ಮಾತಾಡಿದರು. ಅವರನ್ನು ಗಾಡಿ ಹತ್ತಿಸಿ ಬಂದ ಮೇಲೆ ನಡುಹೊಲದ ಸಾಲಿನಲ್ಲಿ ಮೂರು ಕಾಗದದ ಚೀಲ ಬಿದ್ದಿದ್ದವು. ಚೀಟಿಗಳೂ ಅಲ್ಲೇ. ಮಾವನನ್ನು ಕೇಳಿದೆ.

"ಸರಕಾರದವರು ಟೊಪಗಿ ಹಾಕಿ ಜ್ವಾಕಿ ಮಾಡ್ಯಾರಂದ್ರ ಇದರಾಗ ಏನರ ಭಾರಿ ಇರಬೇಕಂತ ಬೀಗರಿಗೆ ಮುರದೆ," ಎಂದ ಅವನು. "ನೋಡಿದ್ರ ಅಲ್ಲೊಂದು ಇಲ್ಲೊಂದು ಕಾಳ. ನಿಮ್ಮ ಸರಕಾರದ ಹಣೇಬಾರ ಇಷ್ಟ ಏನಲೇ, ಬಸಪ್ಪ?"

ಅವನ ಮೇಲೆ ನನಗೆ ಸಿಟ್ಟಿಲ್ಲ. ತಿಳಿಯದೆ ಮುರಿದವನು ಅವನು. ತಿಳಿದು ಮಾಡಿದವನು ನಾನು. ಅದೇ ಬಿಳಿಜೋಳದ ಸಾಲಿನಲ್ಲಿ ಮೂರು ತೆನೆ ಆರಿಸಿದೆ. ಕತ್ತರಿಯಿಂದ ಕಾಳು ಕತ್ತರಿಸುತ್ತ ನಲವತ್ತು ಉಳಿಸಿದೆ — ಅವಳು ಮಾಡಿದ ಹಾಗೇ ಕಾಣಲಿ ಎಂದು. ಚೀಲ ಹಾಕಿ, ಚೀಟಿ ಕಟ್ಟಿದೆ. ಸಾಹೇಬರು ಮುಂದಿನ ವಾರ ಬಂದರು, ನೋಡಿದರು, ಮೆಚ್ಚಿದರು. ಅವರಿಗೆ ಗೊತ್ತಾಗುವಂತಿರಲಿಲ್ಲ. ಕೂಡಿಸಿದ ಕಾಳಿನ ಮೈ ಆ ವರ್ಷ ತಾಯಿಯ ಹಾಗೆ ಬಿಳಿಯೇ ಇರುತ್ತದೆ. ಅದನ್ನು ಮರುವರ್ಷ ಬಿತ್ತಿ, ತೆನೆ ಕೆಂಪಾದರೆ ತಂದೆಯ ಗುಣ ಕೂಡಿತೆಂದು ಅರ್ಥ, ಬಿಳಿಯಾದರೆ ಕೂಡಲಿಲ್ಲವೆಂದು.

ಯಾಕೆ ಹೇಳಲಿಲ್ಲ? ನೌಕರಿ ಖಾಯಂ ಆಗಿರಲಿಲ್ಲ. ಮದುವೆ ಆ ನೌಕರಿಯ ಮೇಲೆ ನಿಂತಿತ್ತು. ಮರುವರ್ಷ ಮತ್ತೆ ಕೂಡಿಸಿದರಾಯಿತು ಎಂದು — ಇವನ್ನೆಲ್ಲ ಕಾರಣ ಎಂದು ಕರೆಯುತ್ತಿದ್ದೆ. ಈಗ ಕರೆಯುವುದಿಲ್ಲ.

ಮರುವರ್ಷ ಆ ಕಾಳು ಬಿತ್ತಿದ ಸಾಲು ತೆನೆ ಬಿಟ್ಟಾಗ ಯಲ್ಲವ್ವ ದಿನವೂ ಬೆಳಿಗ್ಗೆ ಬಂದು ನೋಡುತ್ತಿದ್ದಳು. ಕೆಂಪು ಬರುವುದನ್ನು ಕಾಯುತ್ತಿದ್ದಳು. ನಾನು ಬೇರೆ ಕಡೆ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಬರುವುದು ಏನೆಂದು ನನಗೆ ಗೊತ್ತಿತ್ತಲ್ಲ. ಕಾಳು ಬಲಿಯಿತು — ಸಾಲಿಗೆ ಸಾಲೇ ಬಿಳಿ.

ಸಾಹೇಬರು ಒಂದೊಂದು ಗಿಡವನ್ನೂ ನೋಡಿದರು. "ಕೈ ಜಾರೇದ, ಯಲ್ಲವ್ವ. ಕೇಸರ ಉಳದಾವ" ಎಂದರು. ಬೈಯಲಿಲ್ಲ, ಬೈದಿದ್ದರೆ ಅವಳು ತಿರುಗಿ ಮಾತಾಡುತ್ತಿದ್ದಳೇನೋ.

"ಇಲ್ರೀ ಸಾಹೇಬ್ರ. ಒಂದೊಂದು ನೋಡಿ ತಗದೇನ್ರಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀವ ಬಾಜೂಕ ಕುಂತಿದ್ರೆಲ್ರಿ, ಫೀಲ್ಡಮನ್ ಸಾಹೇಬ್ರ. ನೀವರ ಹೇಳ್ರಿ."

ನಾನು ಹೇಳಿದೆ — "ನಾ ಏನ್ ಹೇಳ್ಲಿ, ಯಲ್ಲವ್ವ? ತೆನಿನ ಹೇಳಾಕತ್ತಾವಲ್ಲ."

ಇಷ್ಟೇ ಮಾತು. ಐದು ವರ್ಷ ನನ್ನ ಕಿವಿಯಲ್ಲಿ ಕೂತದ್ದು ಇದೇ. ಅವಳು ಇನ್ನೊಮ್ಮೆ ಆ ಬಿಳಿ ತೆನೆಗಳನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು. "ಹಂಗಾರ ಉಳದಿರಬೇಕ್ರಿ. ನನಗ ಕಂಡಿಲ್ಲ" ಎಂದಳು. ನನ್ನ ಸುಳ್ಳನ್ನು ಅವಳೇ ನಂಬಿದಳು.

ಸಾಹೇಬರು ಕೂಡಿಸುವ ಕೆಲಸವನ್ನೇ ನಿಲ್ಲಿಸಿ ಬೇರೆ ಬೆಳೆಯ ಕಡೆ ಹೊರಳಿದರು. ಊರಲ್ಲಿ ಮಾತು ಹಬ್ಬಿತು. ಊರ ಬಾಯಿಗೆ ಕೇಸರ, ಪರಾಗ ಇವೆಲ್ಲ ಎಲ್ಲಿ ತಿಳಿಯಬೇಕು — ಯಲ್ಲವ್ವನ ಕೈಯಲ್ಲಿ ಕಾಳಿನ ಗುಣ ಕೆಡುತ್ತದಂತೆ, ಎಂದಾಯಿತು. ಮುಂದಿನ ಬಿತ್ತನೆಗೆ ಅವಳನ್ನು ಒಬ್ಬರೂ ಕರೆಯಲಿಲ್ಲ. ಮಗಳು ರೇಣವ್ವನನ್ನು ಬೆಳವಣಕಿಯಲ್ಲೇ ಒಂದು ಮನೆಗೆ ಕೊಟ್ಟು, ತಾನು ತವರೂರು ಮುಶಿಗೇರಿಗೆ, ಅಣ್ಣನ ಮನೆಗೆ ಹೊರಟುಹೋದಳು. ಅವಳು ಹೋದದ್ದು ನನಗೆ — ಬರೆಯಲು ನಾಚಿಕೆ — ಒಳ್ಳೆಯದೇ ಅನ್ನಿಸಿತು. ಎದುರಿಗೆ ಸಿಗುವ ಭಯ ತಪ್ಪಿತಲ್ಲ.

ಹಾಗೇ ಮುಚ್ಚಿಕೊಂಡು ಹೋಗುತ್ತಿತ್ತು. ಐದನೆಯ ವರ್ಷ ಸಾಹೇಬರು ಮನಸ್ಸು ಬದಲಿಸಿ, ಆ ಎರಡು ಜೋಳವನ್ನು ಇನ್ನೊಮ್ಮೆ ಕೂಡಿಸೋಣ, ಕೈ ಚುರುಕಿರುವ ಹೆಂಗಸರನ್ನು ನೋಡು ಎಂದರು. ಕಳೆಗೆ ಬಂದವರಲ್ಲಿ ರೇಣವ್ವ ಇದ್ದಳು. ಒಂದು ತೆನೆ ಕೊಟ್ಟು, ಸೂಜಿ ಕೊಟ್ಟೆ. ಎರಡು ಹೂ ಬಿಡಿಸಿದಳು — ಅದೇ ಹಿಡಿತ, ಬೆಳಕಿಗೆ ಹಿಡಿದು ನೋಡುವ ಅದೇ ರೀತಿ. ಒಮ್ಮೆಲೇ ಸೂಜಿ ಕೆಳಗಿಟ್ಟಳು.

"ಬ್ಯಾಡ್ರಿ. ನಮ್ಮವ್ವನ ಕೈ ಬಂದೈತಿ ನನಗ. ನಿಮ್ಮ ಬೆಳಿ ಕೆಡತೈತಿ."

ಯಾವ ಗುಣ ತಾಯಿಯಿಂದ ಬಂತು, ಯಾವುದು ತಂದೆಯಿಂದ ಎಂದು ವರ್ಷವಿಡೀ ದಫ್ತರದಲ್ಲಿ ಬರೆಯುವವನು ನಾನು. ನನ್ನ ಸುಳ್ಳು ತಾಯಿಯಿಂದ ಮಗಳಿಗೆ ಇಳಿದದ್ದು ಕಣ್ಣೆದುರಿಗೆ ಕಂಡಿತು. ನಾಳೆ ಅವಳ ಮಗಳಿಗೂ — ಆ ವಿಚಾರವನ್ನು ಮುಗಿಸಲು ಆಗಲಿಲ್ಲ. ಅಲ್ಲಿಂದ ಎದ್ದು ಹೋದೆ.

ಮರುದಿನ ರೋಣಕ್ಕೆ ಹೋಗಿ, ಗಜೇಂದ್ರಗಡದ ಬಸ್ಸು ಹಿಡಿದು, ಇಳಿದು ಮುಶಿಗೇರಿಗೆ ನಡೆದೆ. ಯಲ್ಲವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು. ಎರಡು ಮಾರು ದೂರದಲ್ಲಿ ನಿಂತರೂ "ಯಾರ್ರಿ?" ಎಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ಯಲ್ಲವ್ವ, ಆ ಬಿಳಿ ತೆನಿ ನಿನ್ನವಲ್ಲ" ಎಂದೆ. "ನಿನ್ನವನ್ನ ನಾವು ಸೀತನಿ ಮಾಡಿ ತಿಂದ್ವಿ. ಚೀಟಿ ಬದಲು ಮಾಡಿದಾಂವ ನಾ."

ಶೇಂಗಾ ಕಾಯಿ ಕೈಯಲ್ಲೇ ಉಳಿಯಿತು. ಕೇಳಿದಳು, "ಕಾಳು ಹಿಡಿದಿದ್ವೇನ್ರಿ?"

"ಹಿಡಿದಿದ್ವು. ಮೂರಕ್ಕೂ. ತಿನ್ನೂಕಿಂತ ಎಂಟು ದಿನ ಮೊದಲ ಚೀಲ ಸರಿಸಿ ನೋಡಿದ್ದೆ."

"ಐದು ವರ್ಷ ನನ್ನ ಕೈಗೆ ನಾನ ಬೈಕೊಂಡೇನ್ರಿ" ಎಂದಳು. ದನಿ ಏರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಹೊಡೆದರೂ ಹೊಡೆಯಲಿ ಎಂದು ಅಲ್ಲೇ ನಿಂತಿದ್ದೆ. ಅವಳು ಕೇಳಿದ್ದೇ ಬೇರೆ. "ರುಚಿ ಹ್ಯಾಂಗಿತ್ರಿ?"

"ಎಲ್ಲಾ ಕೂಡೇ ಸುಟ್ಟಿದ್ವಿ. ಗೊತ್ತಾಗಲಿಲ್ಲ."

ಅವಳಿಗೆ ನಗು ಬಂತು. ಅಳುತ್ತಲೇ ನಕ್ಕಳು. ನನಗೂ ಅಳು ಬಂತು. ಎಷ್ಟೋ ವರ್ಷದಿಂದ ಕಟ್ಟಿಕೊಂಡಿದ್ದ ಉಸಿರು ಅಲ್ಲಿ ಬಿಟ್ಟೆ. ಆಮೇಲೆ ಅವಳು, "ನನಗ ಹೇಳಿದ್ರಿ, ಚಲೋ ಆತು. ಬೆಳವಣಕ್ಯಾಗ ಯಾರು ಹೇಳೋರು?" ಎಂದಳು.

ಹೇಳಿದೆ. ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ, ಸಂಜೆ ಎಲ್ಲರೂ ಕೂತಾಗ, ನಿಂತುಕೊಂಡು ಹೇಳಿದೆ. ಕೆಲವರು ಉಗುಳಿದರು. ಒಬ್ಬ ಹಿರಿಯ, "ಬೀಗರ ಊಟ ಭಾಳ ತುಟ್ಟಿ ಆತಲ್ಲೋ, ಬಸಪ್ಪ" ಎಂದ. ಸಾಹೇಬರು ಬಂದಾಗ ಅವರಿಗೂ ಹೇಳಿದೆ. ಅವರು ಬೈಯಲಿಲ್ಲ. "ಇದು ಯಾರ ಕೈಗೂ ಆಗೂದ ಇಲ್ಲ ಅಂತ ಐದು ವರ್ಷ ಸುಮ್ಮನ ಕೂತೆ" ಎಂದಷ್ಟೇ ಹೇಳಿ, ಬೀಜದ ಕೋಣೆಯ ಕೀಲಿ ಕೊಡು ಎಂದು ಕೈ ಚಾಚಿದರು. ಕೊಟ್ಟೆ. ಈಗ ನನ್ನದು ನೀರು, ಗೊಬ್ಬರ, ಬೇಲಿಯ ಕೆಲಸ. ಊರವರ ಮುಖ ನೋಡಿ ಮಾತಾಡಬಲ್ಲೆ, ಅಷ್ಟು ಸಾಕು.

ರೇಣವ್ವ ಅದೇ ವರ್ಷ, ತಡವಾಗಿ ಹೂ ಬಿಡುತ್ತಿದ್ದ ತೆನೆಗಳಲ್ಲಿ ಎರಡನ್ನು ಕೂಡಿಸಿದಳು. ಚೀಟಿಯನ್ನು ಸಾಹೇಬರೇ ಕಟ್ಟಿದರು. ಆ ಕಾಳು ಬಿತ್ತಿದ ಸಾಲು ಈ ವರ್ಷ ತೆನೆ ಬಿಟ್ಟಿತು. ಮೊನ್ನೆ ಯಲ್ಲವ್ವನನ್ನು ಮಗಳು ಗಾಡಿಯಲ್ಲಿ ಕರೆತಂದಳು. ಅವಳು ತೆನೆಯನ್ನು ಬಗ್ಗಿಸಿ, ಕಾಳನ್ನು ಬೆರಳಿಂದ ಮುಟ್ಟುತ್ತ ಮುಟ್ಟುತ್ತ ಕೇಳಿದಳು, "ಕೆಂಪೇನ್ರಿ?"

"ಕೆಂಪು, ಯಲ್ಲವ್ವ. ಸಾಲ ಪೂರಾ ಕೆಂಪು."

ಮಗಳ ಬೆನ್ನ ಮೇಲೆ ಕೈಯಾಡಿಸಿದಳು. ಹಿಗ್ಗು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ನನ್ನ ದನಿ ಬಂದ ಕಡೆ ತಿರುಗಿದಳು.

"ಇದು ರೇಣವ್ವನ ಕೈದು. ನಂದು ಕೆಂಪ ಬರತಿತ್ತೋ ಇಲ್ಲೋ — ಹೇಳೋ ಕಾಳನ್ನ ನೀವು ತಿಂದ್ರಿ. ಬರತಿತ್ತೇನ್ರಿ?"

ಬರುತ್ತಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವಳಿಗೂ ಸಮಾಧಾನ, ನನಗೂ ಸಮಾಧಾನ. ಆದರೆ ನನಗೆ ಗೊತ್ತಿಲ್ಲ. ಇನ್ನು ಯಾರಿಗೂ, ಎಂದಿಗೂ ಗೊತ್ತಾಗುವಂತಿಲ್ಲ.

"ಗೊತ್ತಿಲ್ಲ, ಯಲ್ಲವ್ವ" ಎಂದೆ.

ಅವಳು ತಲೆಯಾಡಿಸಿದಳು. "ಹಾಂ. ಇದನ್ನ ಖರೇ ಹೇಳಿದ್ರಿ" ಎಂದು, ಸಾಲು ದಾಟಲು ನನ್ನ ತೋಳು ಹಿಡಿದಳು.