ಫಾರಂ ತುಂಬಿದವನು ನಾನೇ

ಕಳೆದ ವಾರ ಮೇಜಿನ ಖಾನೆ ಕೆದಕುವಾಗ ತಳದಲ್ಲಿ ಒಂದು ಹಳೇ ಜೆರಾಕ್ಸ್ ಸಿಕ್ಕಿತು. ಮೈಸೂರಿನ ಒಂದು ಆಸ್ಪತ್ರೆಯ ಫಾರಂ, ಮೂರನೇ ಪುಟ. ಅಕ್ಷರವೆಲ್ಲ ಮಾಸಿದೆ. ಒಂದು ಚೌಕದೊಳಗೆ ನಾನು ಹಾಕಿದ ರೈಟ್ ಗುರುತು ಮಾತ್ರ ಚೆನ್ನಾಗಿ ಕಾಣುತ್ತದೆ...

ತಿ. ನರಸೀಪುರದ ತಾಲ್ಲೂಕು ಕಚೇರಿ ಎದುರು ಅರ್ಜಿ ತುಂಬುವುದು ನನ್ನ ಕಸುಬು. ಜನ ಕಾಗದ ತರುತ್ತಾರೆ, ನಾನು ತುಂಬುತ್ತೇನೆ, ತೋರಿಸಿದ ಕಡೆ ಸೈನ್ ಹಾಕುತ್ತಾರೆ. ಏನು ಬರೆದಿರಿ ಅಂತ ಯಾರೂ ಕೇಳುತ್ತಿರಲಿಲ್ಲ, ನಾನೂ ಓದಿ ಹೇಳುತ್ತಿರಲಿಲ್ಲ. ಓದುತ್ತಾ ಕೂತರೆ ಕ್ಯೂ ಕರಗುವುದು ಯಾವಾಗ.

ಆ ಫಾರಂ ಟೀಚರಮ್ಮನದು. ಅವರು ಚರ್ಚಿನ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದರು. ನನ್ನ ಮಗಳಿಗೂ ಅವರೇ. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಿರಲಿಲ್ಲ. ಕೊನೆಗೆ ಪ್ರನಾಳ ಶಿಶುವಿನ ಚಿಕಿತ್ಸೆಗೆ ಮನಸ್ಸು ಮಾಡಿ, ಇಂಗ್ಲಿಷಿನ ಫಾರಂಗಳ ಕಟ್ಟು ಹಿಡಿದು ಗಂಡನ ಜೊತೆ ನನ್ನ ಹತ್ತಿರ ಬಂದರು. ಮೊದಲ ಸಲ ಗರ್ಭಕ್ಕೆ ಹಾಕಿ ಮಿಕ್ಕ ಭ್ರೂಣಗಳನ್ನು ಮುಂದಕ್ಕೆ ಕಾಪಿಡಬೇಕೋ, ತೆಗೆದುಬಿಡಬೇಕೋ ಅಂತ ಒಂದು ಕಡೆ ಇತ್ತು. ಮಿಕ್ಕಿದ್ದು ಯಾರಿಗೆ ಬೇಕು ಅಂದುಕೊಂಡು, ತೆಗೆದುಬಿಡಿ ಅನ್ನುವುದಕ್ಕೆ ರೈಟ್ ಎಳೆದೆ. ಇಬ್ಬರೂ ಸೈನ್ ಹಾಕಿದರು.

ನನಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಅವರ ಚರ್ಚಿನ ಫಾದರ್ ಇದೆಲ್ಲ ಬೇಡ ಅಂದಿದ್ದರು. ಮಗುವನ್ನು ದೇವರು ಕೊಟ್ಟಾಗ ತೆಗೆದುಕೊಳ್ಳಬೇಕು, ಮಾಡಿಸಿಕೊಳ್ಳಬಾರದು. ಮಾಡಿಸಿ ಮಿಕ್ಕವೂ ಜೀವಗಳೇ, ಅವುಗಳ ಗತಿಯೇನು ಅಂತ ಕೇಳಿದ್ದರಂತೆ. ಟೀಚರಮ್ಮ ಅತ್ತು, ಪ್ರಾರ್ಥನೆ ಮಾಡಿ, ದೇವರ ಮುಂದೆ ಮಾತು ಕೊಟ್ಟಿದ್ದರು: ಎಷ್ಟಾದರೂ ಸರಿ, ಒಂದನ್ನೂ ಬಿಸಾಡಲು ಬಿಡುವುದಿಲ್ಲ, ಎಲ್ಲವನ್ನೂ ತಾನೇ ಹೊರುತ್ತೇನೆ ಅಂತ.

ಮೊದಲು ಹಾಕಿದ ಎರಡೂ ನಿಲ್ಲಲಿಲ್ಲ. ಮಿಕ್ಕ ನಾಲ್ಕನ್ನು ಕೇಳಿಕೊಂಡು ಹೋದರೆ ಆಸ್ಪತ್ರೆಯವರು ಆಗಲೇ ತೆಗೆದುಬಿಟ್ಟಾಯಿತು ಅಂದು ಈ ಪುಟದ ಜೆರಾಕ್ಸ್ ಕೈಗೆ ಕೊಟ್ಟರು. ಟೀಚರಮ್ಮ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟರು.

"ಈ ಗುರ್ತು ನೀವ್ ಹಾಕಿದ್ದಾ ಅಣ್ಣ?"

"ನಾನೇ ಕಣಮ್ಮ."

"ಒಂದ್ ಮಾತು ಕೇಳ್ಬೋದಿತ್ತಲ್ವಾ..."

ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ವರ್ಷ ನವೆಂಬರಿನಲ್ಲಿ, ಸತ್ತವರಿಗಾಗಿ ಚರ್ಚಿನಲ್ಲಿ ಪೂಜೆ ಇಡುವ ದಿನ, ಮಗಳ ಜೊತೆ ಹೋಗಿ ಬಾಗಿಲ ಹತ್ತಿರ ನಿಂತಿದ್ದೆ. ಮನೆಯವರು ಚೀಟಿಯಲ್ಲಿ ಬರೆದುಕೊಟ್ಟ ಹೆಸರುಗಳನ್ನು ಫಾದರ್ ಓದುತ್ತಾರೆ. ಒಂದು ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಆಮೇಲೆ, "ನಮ್ಮ ಟೀಚರಮ್ಮನ ಆರು ಮಕ್ಕಳಿಗಾಗಿ" ಅಂದರು. ಬೇಡ ಅಂದಿದ್ದ ಅದೇ ಫಾದರ್. ನಾನು ನಾಲ್ಕೇ ಅಂದುಕೊಂಡಿದ್ದೆ, ಆ ತಾಯಿ ಆರನ್ನೂ ಎಣಿಸಿದ್ದರು.

ಮತ್ತೆ ಅವರು ಆಸ್ಪತ್ರೆಗೆ ಹೋಗಲಿಲ್ಲ. ನನ್ನನ್ನು ಮೊದಲಿನ ಹಾಗೇ ಮಾತಾಡಿಸುತ್ತಿದ್ದರು... ನಾನೇ ಮುಖ ತಪ್ಪಿಸುತ್ತಿದ್ದೆ. ಅಂದಿನಿಂದ ಪ್ರತಿ ಸಾಲನ್ನೂ ಓದಿ ಹೇಳಿಯೇ ಬರೆಯುತ್ತೇನೆ. ಜನ ಗೊಣಗುತ್ತಾರೆ. ನನಗೂ ಸಾಕಾಗಿದೆ.

ಟೀಚರಮ್ಮ ತೀರಿಕೊಂಡು ಎರಡು ತಿಂಗಳಾಯಿತು. ಜ್ವರ ಅಂತ ಮಲಗಿದವರು ಏಳಲಿಲ್ಲ. ಇವತ್ತು ಬೆಳಿಗ್ಗೆ ಅವರ ಯಜಮಾನರು ವಂಶವೃಕ್ಷದ ಅರ್ಜಿ ಹಿಡಿದು ಬಂದರು. ತೀರಿಕೊಂಡವರ ಹೆಸರು ಬರೆದೆ, ಗಂಡನ ಹೆಸರು ಬರೆದೆ. ಮುಂದಿನ ಸಾಲನ್ನು ಓದದೆ ಪೆನ್ನಿನ ಮುಚ್ಚಳ ಹಾಕಿದೆ.

"ಓದಿ ಅಣ್ಣ" ಅಂದರು.

"ಮಕ್ಕಳು..."

ಅವರು ರಸ್ತೆ ಕಡೆ ನೋಡಿದರು. "ಇಲ್ಲ ಅಂತ ಬರ್ಕೊಳ್ಳಿ."

ಬರೆದೆ. ಅದೂ ನನ್ನ ಕೈಯಲ್ಲೇ ಆಗಬೇಕಿತ್ತು.